ನಿಲ್ಲಿಸಿದರೆ ಸಾಕೇನ್ರಿ?

ದಾವಣಗೆರೆಗೆ ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಚುನಾವಣೆ ಬಂದಾಗಲೆಲ್ಲ ಊರಿನ ಮೇಲೆ ಒಂದು ಸುತ್ತು ಹಾರಿ, ಇಳಿಯಲು ಜಾಗ ಸಿಗದೆ ವಾಪಸ್ ಹೋಗುತ್ತದೆ. ಅಲ್ಲಿಯವರೆಗೆ ವಿಮಾನ ಹತ್ತಬೇಕೆನ್ನುವವರು ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ 2023ರಲ್ಲಿ ಶುರುವಾದ ಶಿವಮೊಗ್ಗಕ್ಕೆ. ಸಮುದ್ರ ದಾಟುವವರಾದರೆ ಬೆಂಗಳೂರೇ ಗತಿ. ಹಾಗಾಗಿ ನಮ್ಮ ಎಸ್.ಎಸ್. ಬಡಾವಣೆಯ ಕಾಂಪೌಂಡ್ ಗೋಡೆಗಳ ಮೇಲೆ ಸಾಮಾನ್ಯವಾಗಿ ನಡೆಯುವ ಮಾತುಕತೆ ನಲ್ಲಿ ನೀರಿನದು, ಕುಂದುವಾಡ ಕೆರೆಯ ವಾಕಿಂಗಿನದು, ಹೆಚ್ಚೆಂದರೆ ಯಾರ ಮನೆಯ ಮಂಡಕ್ಕಿ ಒಗ್ಗರಣೆಗೆ ಉಪ್ಪು ಜಾಸ್ತಿಯಾಯಿತು ಎಂಬುದರದು. ಈಗ ಕೆಲವು ದಿನಗಳಿಂದ ಅದೆಲ್ಲ ಬಂದ್. ಬರೀ ವಿಮಾನ.

ಕಾರಣ ಪಕ್ಕದ ಮನೆಯ ಅಕ್ಕ. ಮಗಳು ಲಂಡನ್ನಿನಲ್ಲಿ ತುಂಬು ಬಸುರಿ. ಬಾಣಂತನಕ್ಕೆ ಅಕ್ಕ ಹೋಗಲೇಬೇಕು. ಅಂಟಿನುಂಡೆ ಕಟ್ಟಿ ಆಗಿದೆ, ಮೆಂತ್ಯದ ಹಿಟ್ಟು, ಶೇಂಗಾ ಚಟ್ನಿಪುಡಿ, ಮಗುವಿಗೆ ಹಳೇ ಸೀರೆಯ ಕುಲಾವಿ ಎಲ್ಲ ತೂಕ ನೋಡಿ ಕಟ್ಟಿ ಇಟ್ಟಾಗಿದೆ. ಅಳಿಯ ಟಿಕೆಟ್ ಕಳಿಸಿದ್ದಾನೆ. ಆ ಟಿಕೆಟ್ಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಬೋಯಿಂಗ್ 787' ಎಂದಿರುವುದನ್ನು ಅಕ್ಕ ಕನ್ನಡಕ ಹಾಕಿಕೊಂಡು ಓದಿಬಿಟ್ಟರು.

"ಟೀಚರ್, ಇದು ಅದೇ ಅಲ್ವೇನ್ರಿ? ಅಹಮದಾಬಾದಿನಾಗೆ ಹಾಸ್ಟೆಲ್ ಮೇಲೆ ಬಿತ್ತಲ್ಲ, ಅದೇ ನಂಬರು?"

ಅದೇ ನಂಬರು. ಇಲ್ಲ ಎಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಮತ್ತೆ ಅದನ್ನ ಇನ್ನೂ ಯಾಕೆ ಹಾರಿಸ್ತಾರ್ರಿ? ನಿಲ್ಸಬೇಕಪ್ಪ ಅದನ್ನ! ಸರ್ಕಾರಕ್ಕೆ ಕಣ್ಣಿಲ್ವೇನು?"

ಅಕ್ಕನ ಯಜಮಾನರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ದಾಸವಾಳದ ಗಿಡದ ಬುಡ ಕೆದಕುತ್ತ ಕೂತಿದ್ದವರು ತಲೆ ಎತ್ತದೆ ಅಂದರು: "ಎಲ್ಲಾನೂ ನಿಲ್ಸು ನಿಲ್ಸು ಅಂದ್ರೆ ಆಗ್ತದೇನೆ? ನಿಲ್ಸಿ ಏನ್ ಮಾಡ್ತಾರೆ ಅಂತ ಕೇಳು ಮೊದ್ಲು."

ಅಲ್ಲಿಂದ ಹತ್ತಿಕೊಂಡಿತು ನೋಡಿ.

ಅಹಮದಾಬಾದಿನ ಸುದ್ದಿ ಬಂದ ದಿನ, 2025ರ ಜೂನ್ 12, ನಮ್ಮ ಊರಿಗೆ ತಟ್ಟಿದ ಬಗೆಯೇ ಬೇರೆ. ಮೆಡಿಕಲ್ ಕಾಲೇಜು, ಹಾಸ್ಟೆಲ್, ಮೆಸ್ ಇವುಗಳ ಮೇಲೆ ನಿಂತ ಊರಿದು. ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ, ಆಚೆ ಬೈಪಾಸ್ ಕಡೆಗೆ ಇನ್ನೊಂದಿದೆ. ಮಧ್ಯಾಹ್ನ ಒಂದೂವರೆ ದಾಟಿದ ಹೊತ್ತು, ಡಾಕ್ಟರಾಗಲು ಓದುವ ಹುಡುಗರು ತಟ್ಟೆ ಮುಂದೆ ಕೂತಿದ್ದಾಗ ಏರ್ ಇಂಡಿಯಾದ ವಿಮಾನ ಬಂದು ಮೆಸ್ಸಿನ ಮೇಲೆ ಬಿತ್ತು ಎಂದರೆ ಇಲ್ಲಿ ಯಾವ ತಾಯಿಗೂ ಅನ್ನ ಇಳಿಯಲಿಲ್ಲ. ವಿಮಾನದಲ್ಲಿದ್ದ 242 ಮಂದಿಯಲ್ಲಿ 241 ಮಂದಿ ಹೋದರು, ಕೆಳಗಿದ್ದವರಲ್ಲಿ 19 ಮಂದಿ. ಒಟ್ಟು 260. ಮೇಲೆ ಹಾರಿದ್ದು ಅರ್ಧ ನಿಮಿಷದಷ್ಟೇ. ಆ ಮಾಡೆಲ್ ಹಾರಲು ಶುರುಮಾಡಿದ ಮೇಲೆ ಹೀಗೆ ಬಿದ್ದದ್ದು ಅದೇ ಮೊದಲು. ಅವತ್ತು ಸಂಜೆಯಿಂದಲೇ ಟೀವಿಯಲ್ಲಿ ಶುರುವಾಯಿತು, ಅಷ್ಟೂ 787ಗಳನ್ನು ನೆಲಕ್ಕಿಳಿಸಿ ಅಂತ. ಇಳಿಸಲಿಲ್ಲ. ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಮರುದಿನವೇ ಬಿದ್ದ ವಿಮಾನದಂಥದೇ ಎಂಜಿನ್ ಇರುವ ಏರ್ ಇಂಡಿಯಾದ 787ಗಳನ್ನೆಲ್ಲ ಹೆಚ್ಚಿನ ತಪಾಸಣೆ ಮಾಡಿಸಿ ಎಂದು ಆದೇಶ ಕೊಟ್ಟು, ಹಾರಾಟ ಮುಂದುವರಿಸಿತು.

ಅಕ್ಕನ ಸಿಟ್ಟು ಇರುವುದು ಅಲ್ಲೇ. ಇದಕ್ಕೆ ಇನ್ನಷ್ಟು ತುಪ್ಪ ಸುರಿಯುವ ಸಂಗತಿಯೊಂದು ನನಗೆ ಗೊತ್ತಿತ್ತು. ಹೇಳಬಾರದಿತ್ತೇನೋ, ಮೇಷ್ಟರ ಬಾಯಿ ಸುಮ್ಮನಿರುವುದಿಲ್ಲ. ಇದೇ 787ನ್ನು ಹಿಂದೆ ಒಮ್ಮೆ ಲೋಕದಾದ್ಯಂತ ನಿಲ್ಲಿಸಿದ್ದರು. 2013ರ ಜನವರಿಯಲ್ಲಿ. ಆಗ ಒಂದು ಪ್ರಾಣವೂ ಹೋಗಿರಲಿಲ್ಲ. ಬಾಸ್ಟನ್ನಿನಲ್ಲಿ ನಿಂತಿದ್ದ ಒಂದು ವಿಮಾನದ ಬ್ಯಾಟರಿಗೆ ಬೆಂಕಿ ಹತ್ತಿತು, ಜಪಾನಿನಲ್ಲಿ ಇನ್ನೊಂದು ಬ್ಯಾಟರಿ ಹೊಗೆಯಾಡಿ ವಿಮಾನವನ್ನು ತುರ್ತಾಗಿ ಇಳಿಸಿದರು, ಅಷ್ಟೇ. ಏರ್ ಇಂಡಿಯಾದ ಹತ್ತಿರ ಆಗ ಇದ್ದ ಆರೂ 787ಗಳು ತಿಂಗಳುಗಟ್ಟಲೆ ಮೂಲೆ ಹಿಡಿದವು.

"ನೋಡ್ರಿ, ನೋಡ್ರಿ! ಯಾರೂ ಸಾಯದಿದ್ದಾಗ ನಿಲ್ಸಿದ್ರು. ಇನ್ನೂರರವತ್ತು ಜನ ಹೋದಾಗ ಹಾರ್ಸಿದ್ರು. ಇದು ಯಾವ ನ್ಯಾಯ?" ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅದು ವಾದಕ್ಕೆ ನಿಂತ ಲಕ್ಷಣ.

ಕೇಳಿದರೆ ವಿಚಿತ್ರವೇ. ಯಜಮಾನರು ಈಗ ಕುರ್ಪಿ ಕೆಳಗಿಟ್ಟರು.

"ಡಿಪೋದಾಗೆ ಹೆಂಗಿತ್ತು ಅಂದ್ರೆ, ಒಂದು ಗಾಡಿದು ಸ್ಟೇರಿಂಗ್ ರಾಡು ಕಟ್ ಆತು ಅಂತ ಇಟ್ಕೊಳ್ರಿ. ಅದೇ ಬ್ಯಾಚಿನ ಅಷ್ಟೂ ಗಾಡೀನ ರೂಟ್ ಬಿಡ್ಸಿ ಪಿಟ್ ಮೇಲೆ ನಿಲ್ಸಿ ಆ ರಾಡು ನೋಡ್ತಿದ್ವಿ. ಯಾಕಂದ್ರೆ ಏನ್ ನೋಡ್ಬೇಕು ಅಂತ ಗೊತ್ತು. ಅದೇ ಒಂದು ಗಾಡಿ ಹಳ್ಳಕ್ಕೆ ಬಿತ್ತು, ಯಾಕೆ ಬಿತ್ತೋ ಗೊತ್ತಿಲ್ಲ, ಡ್ರೈವರ್ ನಿದ್ದೆ ಮಾಡಿದ್ನೋ, ಎಮ್ಮೆ ಅಡ್ಡ ಬಂತೋ, ಬ್ರೇಕ್ ಹೋತೋ. ಆಗ ಇಡೀ ಡಿಪೋ ಬಂದ್ ಮಾಡಿದ್ರೆ ಮೆಕ್ಯಾನಿಕ್ ಎಲ್ಲಿ ಸ್ಪ್ಯಾನರ್ ಹಾಕ್ತಾನೆ?"

2013ರಲ್ಲಿ ಕೈ ಇಡಬೇಕಾದ ಜಾಗ ಗೊತ್ತಿತ್ತು: ಬ್ಯಾಟರಿ. ಅದನ್ನು ಬೆಂಕಿಗೆ ಜಗ್ಗದ ಪೆಟ್ಟಿಗೆಯಲ್ಲಿ ಮುಚ್ಚಿ, ಹೊಗೆ ಹೊರಕ್ಕೆ ಹೋಗುವ ಹಾದಿ ಮಾಡಿ, ಮತ್ತೆ ಹಾರಿಸಿದರು. 2025ರಲ್ಲಿ ಮೊದಲ ತಿಂಗಳು ಏನೂ ಗೊತ್ತಿರಲಿಲ್ಲ. ಜುಲೈ 12ಕ್ಕೆ ಪ್ರಾಥಮಿಕ ವರದಿ ಬಂದಾಗ ಗೊತ್ತಾದದ್ದು ಇಷ್ಟು: ಮೇಲೇರಿದ ಕೆಲವೇ ಸೆಕೆಂಡಿನಲ್ಲಿ ಎರಡೂ ಎಂಜಿನ್ನುಗಳ ಇಂಧನದ ಸ್ವಿಚ್ಚುಗಳು ಒಂದರ ಹಿಂದೊಂದು, ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ, ಬಂದ್ ಆಗುವ ಕಡೆಗೆ ಹೋದವು. ಯಾಕೆ ಬಂದ್ ಮಾಡಿದೆ ಎಂದು ಒಬ್ಬ ಪೈಲಟ್ ಕೇಳುತ್ತಾರೆ, ನಾನು ಮಾಡಲಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಅಷ್ಟು ಹೇಳಿ ವರದಿ ಬಾಯಿ ಮುಚ್ಚುತ್ತದೆ. ಮಿಕ್ಕಿದ್ದನ್ನೆಲ್ಲ ಟೀವಿಯವರು ತುಂಬಿದರು. ಸತ್ತವರ ಮೇಲೆ ತೀರ್ಪು ಹೇಳಲು ನಮ್ಮಲ್ಲಿ ಪೈಪೋಟಿ ಜಾಸ್ತಿ; ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ.

ಅದೇ ವರದಿಯಲ್ಲಿ ಯಜಮಾನರಿಗೆ ಬಹಳ ಹಿಡಿಸಿದ ಒಂದು ಸಾಲಿನ ಸಂಗತಿ ಇದೆ. ಇಂಥ ಸ್ವಿಚ್ಚುಗಳ ಲಾಕ್ ಕೆಲವು ಬೋಯಿಂಗ್ ವಿಮಾನಗಳಲ್ಲಿ ಸರಿಯಾಗಿ ಕೂತಿರಲಿಕ್ಕಿಲ್ಲ, ನೋಡಿಕೊಳ್ಳಿ ಎಂದು ಅಮೆರಿಕದ ವಿಮಾನಯಾನ ಇಲಾಖೆ 2018ರಲ್ಲೇ ಒಂದು ಪತ್ರ ಹೊರಡಿಸಿತ್ತು. ಅದು ಸಲಹೆ, ಕಡ್ಡಾಯವಲ್ಲ. ಕಡ್ಡಾಯವಲ್ಲದ್ದರಿಂದ ಆ ತಪಾಸಣೆ ನಡೆದಿರಲಿಲ್ಲ. "ಮಾಡಿದ್ರೆ ಒಳ್ಳೇದು ಅಂತ ಬರೆದ ಸರ್ಕ್ಯುಲರ್ ಯಾವ ಡಿಪೋದಾಗೂ ಯಾರೂ ಮಾಡಲ್ಲ ಟೀಚರ್. ನಾವೂ ಮಾಡ್ತಿರ್ಲಿಲ್ಲ. ಫೈಲಿಗೆ ಹಾಕಿ ಚಹಾ ಕುಡೀತಿದ್ವಿ." ನ್ಯಾಯಕ್ಕೆ ಇದನ್ನೂ ಹೇಳಬೇಕು: ಅಪಘಾತದ ನಂತರ ಡಿಜಿಸಿಎ ಆ ಲಾಕ್‌ಗಳನ್ನು ನೋಡಲೇಬೇಕು ಎಂದು ಕಡ್ಡಾಯ ಮಾಡಿದಾಗ, ಏರ್ ಇಂಡಿಯಾದ ಬೋಯಿಂಗ್‌ಗಳಲ್ಲಿ ಲಾಕಿನ ದೋಷ ಸಿಗಲಿಲ್ಲ.

ಆದರೆ ಗೋಡೆ ಮೇಲಿನ ಹರಟೆಗೆ ನಿಜವಾದ ಕಾವು ಬಂದದ್ದು ಯಜಮಾನರು "ತೊಂಬತ್ತನೇ ಇಸವಿ ನೆನಪೈತೇನ್ರಿ?" ಎಂದಾಗ. ನೆನಪಿಲ್ಲದೆ ಏನು. ಒಂದು ಮಾಡೆಲ್ಲನ್ನು ನಿಲ್ಲಿಸುವುದು ಅಂದರೆ ಏನೆಂದು ನಮ್ಮ ರಾಜ್ಯ ಮೊದಲು ನೋಡಿದ್ದು ಆವಾಗ.

1990ರ ಫೆಬ್ರುವರಿ 14, ಬುಧವಾರ. ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ 605ನೇ ನಂಬರಿನ ವಿಮಾನ, ಮಧ್ಯಾಹ್ನ ಒಂದು ಗಂಟೆಯ ಆಸುಪಾಸು, ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ರನ್‌ವೇ ಇನ್ನೂ ದೂರವಿರುವಾಗಲೇ ಕೆಳಗಿಳಿದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹುಲ್ಲಿನ ಮೇಲೆ ಬಡಿಯಿತು, ಪುಟಿದು ಮುಂದಿನ ದಿಬ್ಬಕ್ಕೆ ಗುದ್ದಿ ಬೆಂಕಿ ಹತ್ತಿಸಿಕೊಂಡಿತು. 146 ಮಂದಿಯಲ್ಲಿ 92 ಮಂದಿ ಸತ್ತರು, 54 ಮಂದಿ ಬದುಕಿದರು. ಮಳೆ ಇಲ್ಲ, ಮಂಜಿಲ್ಲ, ನಡುಹಗಲು. ವಿಮಾನ ಹಳೆಯದೇ? ಅದೂ ಅಲ್ಲ. ನಮ್ಮ ದೇಶಕ್ಕೆ ಬಂದು ಎರಡು ತಿಂಗಳು ತುಂಬಿರಲಿಲ್ಲ. ಏರ್‌ಬಸ್ ಎ320. ಪೈಲಟ್ಟಿನ ಮುಂದೆ ದೊಡ್ಡ ಹಿಡಿಕೆ ಇಲ್ಲ, ಪಕ್ಕದಲ್ಲಿ ಒಂದು ಸಣ್ಣ ಕೋಲು. ಕೋಲು ಆಡಿಸಿದರೆ ಅದು ವೈರಿನ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರು ರೆಕ್ಕೆಗೆ ಹೇಳುತ್ತದೆ. ಪ್ರಯಾಣಿಕರ ವಿಮಾನದಲ್ಲಿ ಈ ವ್ಯವಸ್ಥೆ ಪೂರ್ತಿಯಾಗಿ ಬಂದದ್ದು ಅದರಲ್ಲೇ ಮೊದಲು. ನಮ್ಮ ಊರಿನ ಬ್ಯಾಂಕುಗಳಲ್ಲಿ ಆಗ ಇನ್ನೂ ದಪ್ಪ ಲೆಡ್ಜರುಗಳು. ಕಂಪ್ಯೂಟರ್ ವಿಮಾನ ಬಿತ್ತಂತೆ ಎನ್ನುವ ಮಾತು ಬೆಣ್ಣೆ ದೋಸೆ ಅಂಗಡಿಯಲ್ಲೂ ಕೇಳುತ್ತಿತ್ತು. ಅದರ ಹಿಂದೆ 1988ರಲ್ಲಿ ಫ್ರಾನ್ಸಿನಲ್ಲಿ ಇದೇ ಮಾಡೆಲ್ ಒಂದು ಪ್ರದರ್ಶನದ ಹಾರಾಟದಲ್ಲಿ ಕಾಡಿನೊಳಕ್ಕೆ ನುಗ್ಗಿದ್ದನ್ನು ಜನ ಮರೆತಿರಲಿಲ್ಲ.

ಮೇಲಾಗಿ ರಾಜಕೀಯ. ಆ ವಿಮಾನಗಳ ಖರೀದಿ ತೀರ್ಮಾನವಾದದ್ದು ರಾಜೀವ್ ಗಾಂಧಿ ಕಾಲದಲ್ಲಿ. ಬಿದ್ದದ್ದು ವಿ.ಪಿ. ಸಿಂಗ್ ಕಾಲದಲ್ಲಿ. ಬೋಫೋರ್ಸ್ ಎಂಬ ಒಂದೇ ಪದದ ಬಲದಿಂದ ಡಿಸೆಂಬರಿನಲ್ಲಷ್ಟೇ ಕುರ್ಚಿಗೆ ಬಂದಿದ್ದ ಸರ್ಕಾರ ಅದು. ಹಳಬರು ಕೊಂಡ ವಿಮಾನ ಬಿದ್ದರೆ ಹೊಸಬರು ಏನು ಮಾಡುತ್ತಾರೆ? ಕೆಲವೇ ದಿನಗಳಲ್ಲಿ ಇಂಡಿಯನ್ ಏರ್‌ಲೈನ್ಸಿನ ಅಷ್ಟೂ ಎ320ಗಳನ್ನು ನಿಲ್ಲಿಸಿದರು. ಖರೀದಿಯ ಮೇಲೆ ಅದೇ ವರ್ಷ ಸಿಬಿಐ ಕೇಸು ಹಾಕಿತು. ಅದೇ ಹೊತ್ತಿಗೆ ಯುರೋಪು, ಅಮೆರಿಕದಲ್ಲಿ ಎ320ಗಳು ಯಥಾಪ್ರಕಾರ ಹಾರುತ್ತಿದ್ದವು. ನಿಲ್ಲಿಸಿದ್ದು ನಾವು.

ತನಿಖೆಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರನ್ನು ನೇಮಿಸಿದರು. ವಿಮಾನ ಇಳಿಯುವಾಗ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿ ತೂಕಡಿಸುವಂಥ ಒಂದು ಕ್ರಮಕ್ಕೆ ಹೋಗಿದ್ದವು. ವೇಗ ಇಳಿಯುತ್ತ ಹೋದದ್ದು ಪೈಲಟ್ಟುಗಳ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಶಕ್ತಿ ಕೊಟ್ಟರೂ ಎಂಜಿನ್ ಹುರುಪಿಗೆ ಬರಲು ಬೇಕಾದ ಸೆಕೆಂಡುಗಳು ಉಳಿದಿರಲಿಲ್ಲ. ಎಂಜಿನ್ನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ದೋಷ ಸಿಗಲಿಲ್ಲ. ಆ ಕ್ರಮಕ್ಕೆ ಹೋದದ್ದು ಹೇಗೆ? ಅಕ್ಕಪಕ್ಕ ಇದ್ದ ಎರಡು ಗುಂಡಿಗಳಲ್ಲಿ ಒಂದರ ಬದಲು ಇನ್ನೊಂದನ್ನು ತಿರುವಿರಬಹುದು ಎಂಬ ಊಹೆ ಬಂತು. ಖಚಿತವಾಗಿ ಹೇಳಬೇಕಾದವರಿಬ್ಬರೂ ಬದುಕಿರಲಿಲ್ಲ. ತಿಂಗಳುಗಟ್ಟಲೆ ನಿಂತಿದ್ದ ವಿಮಾನಗಳು ಆಮೇಲೆ ಹಾರತೊಡಗಿದವು.

"ಅಂದ್ರೆ ಆ ವಿಮಾನ ಒಳ್ಳೇದು ಅಂತೇನ್ರಿ?" ಅಕ್ಕನಿಗೆ ನಂಬಿಕೆ ಬರಲಿಲ್ಲ.

"ಅಕ್ಕಾರೆ, ನೀವು ಕಾಶಿಗೆ ಹೋಗಿಬಂದ್ರಲ್ಲ, ಇಂಡಿಗೋದಲ್ಲಿ. ಅವರ ಹತ್ತಿರ ಇರೋ ಬಹುಪಾಲು ವಿಮಾನ ಅದೇ ಎ320 ವಂಶದ್ದೇ."

ಅಕ್ಕ ಯಜಮಾನರ ಕಡೆ ತಿರುಗಿ, "ಗೊತ್ತಿದ್ದೂ ನನ್ನ ಕೂರ್ಸಿದ್ರೇನ್ರಿ?" ಎಂದರು. ಯಜಮಾನರು ಮತ್ತೆ ಕುರ್ಪಿ ಎತ್ತಿಕೊಂಡರು.

ತೊಂಬತ್ತರಲ್ಲಿ ನಿಲ್ಲಿಸಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಪೈಲಟ್ಟುಗಳಿಗೆ ಹೊಸ ವಿಮಾನ, ಹೊಸ ಅಭ್ಯಾಸ. ಒಂದಿಷ್ಟು ದಿನ ನಿಲ್ಲಿಸಿ ಎಲ್ಲರಿಗೂ ಪಾಠ ಗಟ್ಟಿ ಮಾಡಿಸಿದ್ದರೆ ಅದಕ್ಕೊಂದು ಅರ್ಥವಿತ್ತು. ಆದರೆ ಅಂದು ನಿಲ್ಲಿಸಿದ ದನಿಯಲ್ಲಿ 'ಕಾರಣ ಹುಡುಕುತ್ತೇವೆ' ಎನ್ನುವುದಕ್ಕಿಂತ 'ನಾವು ಕೊಂಡದ್ದಲ್ಲ' ಎನ್ನುವುದೇ ಜೋರಾಗಿತ್ತು. ಜನಕ್ಕೂ ಅದೇ ಸಾಕಾಯಿತು. ನಿಲ್ಲಿಸಿದರಲ್ಲ, ಬಿಡು. ಆಮೇಲೆ ನ್ಯಾಯಮೂರ್ತಿಗಳು ಏನು ಬರೆದರು ಎಂದು ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ನಿಲ್ಲಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ ಎನ್ನುವುದಕ್ಕೆ ಕಾಮೆಟ್‌ನಷ್ಟು ಕಹಿ ಉದಾಹರಣೆ ಇನ್ನೊಂದಿಲ್ಲ. ಜೆಟ್ ಎಂಜಿನ್ನಿನ ಮೊದಲ ಪ್ರಯಾಣಿಕ ವಿಮಾನ ಅದು, ಬ್ರಿಟಿಷರದು, 1952ರ ಮೇ 2ರಂದು ಸೇವೆಗೆ ಬಂತು. ಸರಿಯಾಗಿ ಒಂದು ವರ್ಷಕ್ಕೆ, 1953ರ ಮೇ 2ರಂದು, ಕಲ್ಕತ್ತದ ದಮ್ ದಮ್‌ನಿಂದ ಎದ್ದ ಒಂದು ಕಾಮೆಟ್ ಬಿರುಗಾಳಿಯಲ್ಲಿ ಚೂರಾಗಿ 43 ಮಂದಿ ಸತ್ತರು. ಬಿರುಗಾಳಿಯ ಲೆಕ್ಕಕ್ಕೆ ಬರೆದು ಮುಗಿಸಿದರು. 1954ರ ಜನವರಿಯಲ್ಲಿ ಇಟಲಿಯ ಎಲ್ಬಾ ದ್ವೀಪದ ಹತ್ತಿರ ಇನ್ನೊಂದು ಸಮುದ್ರಕ್ಕೆ ಬಿತ್ತು, 35 ಮಂದಿ. ಆಗ ಎಲ್ಲವನ್ನೂ ನಿಲ್ಲಿಸಿದರು. ಅನುಮಾನ ಬಂದ ಕಡೆಯಲ್ಲೆಲ್ಲ ಒಂದಿಷ್ಟು ಬದಲಾವಣೆ ಮಾಡಿದರು. ಕಾರಣ ಮಾತ್ರ ಸಿಕ್ಕಿರಲಿಲ್ಲ. ಆದರೂ ಮಾರ್ಚಿನಲ್ಲಿ ಹಾರಿಸಿದರು. ಏಪ್ರಿಲ್ 8ಕ್ಕೆ ನೇಪಲ್ಸ್ ಹತ್ತಿರ ಮತ್ತೊಂದು ಬಿತ್ತು, 21 ಮಂದಿ.

ಮೂರನೆಯದರ ನಂತರ ಮಾಡಿದ ಕೆಲಸವನ್ನು ಕೇಳಿ ಯಜಮಾನರು ಎದ್ದೇ ನಿಂತರು. ಒಂದು ಇಡೀ ಕಾಮೆಟ್ಟನ್ನು ದೊಡ್ಡ ತೊಟ್ಟಿಯೊಳಗೆ ಇಟ್ಟು, ಒಳಗೂ ಹೊರಗೂ ನೀರು ತುಂಬಿ, ಹಾರುವಾಗ ಆಗುವ ಒತ್ತಡವನ್ನು ಮತ್ತೆ ಮತ್ತೆ ಕೊಟ್ಟು ಇಳಿಸಿದರು. ಸಾವಿರಾರು ಸಲ. ಕೊನೆಗೆ ತಗಡು ದಣಿದು ಕಿಟಕಿಯ ಮೂಲೆಯಲ್ಲಿ ಬಿರಿಯಿತು. "ಹಂಗಾರೆ ಅದು ಪಿಟ್ ಮೇಲೆ ನಿಲ್ಸಿದಂಗೆ," ಅಂದರು. "ಅದಕ್ಕೆ ಮುಂಚೆ ನಿಲ್ಸಿದ್ದು ಸುಮ್ನೆ ಸ್ಟ್ಯಾಂಡಿನಾಗೆ ನಿಲ್ಸಿದಂಗೆ."

ಹಾಗಾದರೆ ನಿಲ್ಲಿಸುವುದೇ ಬೇಡವೇ? ಈ ಮಾತಿಗೆ ಉತ್ತರ ಬೋಯಿಂಗ್‌ನದೇ 737 ಮ್ಯಾಕ್ಸ್. ಇಲ್ಲಿ ನಾನು ಪೂರ್ತಿ ಅಕ್ಕನ ಪಕ್ಷ.

2018ರ ಅಕ್ಟೋಬರ್ 29ಕ್ಕೆ ಇಂಡೋನೇಷ್ಯಾದಲ್ಲಿ ಲಯನ್ ಏರ್‌ನ ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಹೋದರು. ಅದನ್ನು ಹಾರಿಸುತ್ತಿದ್ದ ಕ್ಯಾಪ್ಟನ್ ದೆಹಲಿಯವರು. ವಿಮಾನದ ಮೂತಿ ತೀರ ಮೇಲಕ್ಕೆದ್ದರೆ ತಾನಾಗಿ ಕೆಳಕ್ಕೆ ಒತ್ತುವ ಒಂದು ಸಾಫ್ಟ್‌ವೇರ್ ಅದರಲ್ಲಿತ್ತು. ಮೂತಿ ಎದ್ದಿದೆಯೋ ಇಲ್ಲವೋ ಎಂದು ಅದು ಕೇಳುತ್ತಿದ್ದದ್ದು ಒಂದೇ ಒಂದು ಸೆನ್ಸಾರನ್ನು. ಆ ಸೆನ್ಸಾರ್ ಸುಳ್ಳು ಹೇಳಿದರೆ ಮುಗಿಯಿತು. ಇಂಥದೊಂದು ಒಳಗೆ ಕೂತಿದೆ ಎನ್ನುವುದನ್ನೇ ಪೈಲಟ್ಟುಗಳ ಕೈಪಿಡಿಯಲ್ಲಿ ಬರೆದಿರಲಿಲ್ಲ. ಬಿದ್ದ ಕೆಲವೇ ದಿನಗಳಲ್ಲಿ ಬೋಯಿಂಗಿಗೂ ಅಮೆರಿಕದ ಇಲಾಖೆಗೂ ಕೈ ಇಡಬೇಕಾದ ಜಾಗ ಗೊತ್ತಾಗಿತ್ತು. ಇಲಾಖೆ ಒಳಗೊಳಗೇ ಲೆಕ್ಕವನ್ನೂ ಹಾಕಿತ್ತು: ಸರಿಪಡಿಸದೆ ಬಿಟ್ಟರೆ ಈ ಮಾಡೆಲ್ಲಿನ ಆಯುಸ್ಸಿನಲ್ಲಿ ಹದಿನೈದು ಅಪಘಾತಗಳವರೆಗೆ ಆಗಬಹುದು ಎಂದು. ಆ ಲೆಕ್ಕ ಜನಕ್ಕೆ ಗೊತ್ತಾದದ್ದು ಒಂದು ವರ್ಷದ ಮೇಲೆ, ಅಮೆರಿಕದ ಸಂಸತ್ತಿನ ವಿಚಾರಣೆಯಲ್ಲಿ. ನಿಲ್ಲಿಸಲಿಲ್ಲ. ಐದು ತಿಂಗಳು ತುಂಬುವ ಮೊದಲೇ, 2019ರ ಮಾರ್ಚ್ 10ಕ್ಕೆ, ಇಥಿಯೋಪಿಯಾದಲ್ಲಿ ಎರಡನೆಯದು ಬಿತ್ತು. 157 ಮಂದಿ. ಅದರಲ್ಲಿ ಭಾರತದವರೂ ಇದ್ದರು.

ಆಮೇಲೆ ನಡೆದದ್ದು ನಿಲ್ಲಿಸುವ ಓಟ. ಮಾರ್ಚ್ 11ಕ್ಕೆ ಚೀನಾ. ಮಾರ್ಚ್ 12ರ ರಾತ್ರಿ ನಮ್ಮ ಡಿಜಿಸಿಎ. ತಯಾರಿಸಿದ ಅಮೆರಿಕ ಮಾರ್ಚ್ 13ಕ್ಕೆ, ಎಲ್ಲರೂ ನಿಲ್ಲಿಸಿದ ಮೇಲೆ, ಮನಸ್ಸಿಲ್ಲದ ಮನಸ್ಸಿನಿಂದ. ನಮ್ಮಲ್ಲಿ ಅದು ಮತ್ತೆ ಹಾರಲು ಅನುಮತಿ ಸಿಕ್ಕಿದ್ದು 2021ರ ಆಗಸ್ಟಿನಲ್ಲಿ. ಕಾರಣ ಗೊತ್ತಿದ್ದೂ ಹಾರಿಸಿದ ಆ ಐದು ತಿಂಗಳಿಗೆ ಕ್ಷಮೆ ಇಲ್ಲ, ನನ್ನ ಮಟ್ಟಿಗೆ.

"ಹಂಗಾರೆ ನಾ ಹೇಳಿದ್ದೇ ಸರಿ," ಅಂದರು ಅಕ್ಕ.

"ಅರ್ಧ ಸರಿ," ಅಂದರು ಯಜಮಾನರು. ಸಂಸಾರದಲ್ಲಿ ಇದಕ್ಕಿಂತ ಹೆಚ್ಚು ಒಪ್ಪಿಗೆ ಸಿಗುವುದು ಕಷ್ಟ.

ನಮ್ಮ ಊರಿನವರಿಗೆ ಇದು ವಿಮಾನದ ಮಾತಷ್ಟೇ ಅಲ್ಲ ಎಂಬುದನ್ನೂ ಯಜಮಾನರೇ ನೆನಪಿಸಿದರು. 2013ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ವೋಲ್ವೊ ಬಸ್ಸು ಮಹಬೂಬ್‌ನಗರದ ಪಾಲೆಂ ಹತ್ತಿರ ಹತ್ತಿ ಉರಿದು 45 ಮಂದಿ ಸುಟ್ಟುಹೋದರು. ಹದಿನೈದು ದಿನ ಕಳೆದಿತ್ತು, ನವೆಂಬರ್ 14ರ ನಸುಕಿನಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದ ಇನ್ನೊಂದು ವೋಲ್ವೊ ಹಾವೇರಿ ಜಿಲ್ಲೆಯಲ್ಲಿ ಬೆಂಕಿಗೆ ಬಿದ್ದು 7 ಮಂದಿ ಹೋದರು. ಆ ಬಸ್ಸು ಅವತ್ತು ರಾತ್ರಿ ನಮ್ಮ ದಾವಣಗೆರೆಯ ಬೈಪಾಸ್ ದಾಟಿಯೇ ಹೋಗಿದ್ದು. ಒಂದೇ ಕಂಪನಿ, ಒಂದೇ ಬಗೆಯ ಸಾವು, ನಮ್ಮದೇ ಹೆದ್ದಾರಿ. ವೋಲ್ವೊ ನಿಲ್ಲಿಸಿ ಎಂಬ ಕೂಗು ಆಗಲೂ ಎದ್ದಿತು. ನಿಲ್ಲಲಿಲ್ಲ. ಡೀಸೆಲ್ ಟ್ಯಾಂಕು ಎಲ್ಲಿರಬೇಕು, ಹಿಂದೊಂದು ಬಾಗಿಲು ಬೇಡವೇ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ಒಂದಿಷ್ಟು ದಿನ ಚರ್ಚೆಯಾಯಿತು. "ಸುತ್ತಿಗೆ ಹಾಕಿದ್ರು," ಅಂದರು ಯಜಮಾನರು. "ವಾರ ಕಳೆಯೋದ್ರಾಗೆ ಅರ್ಧ ಸುತ್ತಿಗೆ ಪ್ರಯಾಣಿಕರೇ ಮನಿಗೆ ತಗೊಂಡು ಹೋಗ್ಯಾರೆ. ಕೊಬ್ರಿ ಒಡಿಯಾಕೆ."

ವಿಮಾನ ಬಿದ್ದರೆ ನ್ಯಾಯಮೂರ್ತಿ ಬರುತ್ತಾರೆ, ಕಪ್ಪುಪೆಟ್ಟಿಗೆ ತೆಗೆಯುತ್ತಾರೆ, ತಿಂಗಳಿಗೊಂದು ವರದಿ, ವರ್ಷಕ್ಕೊಂದು ವರದಿ. ಬಸ್ಸು ಉರಿದರೆ ಚಾಲಕನ ಮೇಲೆ ಎಫ್‌ಐಆರ್ ಹಾಕಿ ಮುಗಿಸುತ್ತಾರೆ. ಈ ತಾರತಮ್ಯ ನನಗೆ ಯಾವತ್ತೂ ಜೀರ್ಣವಾಗಿಲ್ಲ.

ನಿಲ್ಲಿಸುವುದನ್ನು ನೆಟ್ಟಗೆ ಮಾಡಿದರೆ ಗಲಾಟೆಯೇ ಇರುವುದಿಲ್ಲ. 2025ರ ಜನವರಿ 5ಕ್ಕೆ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತಾಗ, ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಸುಮಾರು 330 ಧ್ರುವ್‌ಗಳನ್ನು ನಿಲ್ಲಿಸಿದರು. ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ, ಧ್ರುವ್‌ಗಳಲ್ಲೇ ಕಸರತ್ತು ತೋರಿಸುವ ಸಾರಂಗ್ ತಂಡ ಹಾರಲಿಲ್ಲ. ಮನೆಯಂಗಳದ ಪ್ರದರ್ಶನದಲ್ಲಿ ಮನೆಯ ಮಗುವೇ ಇಲ್ಲ! ಮಾನ ಹೋಗುತ್ತದೆ ಎಂದು ಯಾರೂ ಹಾರಿಸಲಿಲ್ಲ. ಅದಕ್ಕೊಂದು ನಮಸ್ಕಾರ. ಅದೇ ವರ್ಷ ನವೆಂಬರ್ ಕೊನೆಗೆ ಎ320ಗಳ ಸರದಿ ಮತ್ತೆ ಬಂತು, ಈ ಸಲ ಸಾವಿಲ್ಲದೆ. ಅಮೆರಿಕದಲ್ಲಿ ಒಂದು ವಿಮಾನ ಇದ್ದಕ್ಕಿದ್ದಂತೆ ಕೆಳಕ್ಕೆ ಕುಸಿದು ಕೆಲವರಿಗೆ ಗಾಯವಾಗಿತ್ತು. ಸೂರ್ಯನ ಬಿರುಸಾದ ವಿಕಿರಣದಿಂದ ಹಾರಾಟದ ಕಂಪ್ಯೂಟರಿನ ಮಾಹಿತಿ ಕೆಡಬಹುದು ಎಂದು ಏರ್‌ಬಸ್ ಕಂಡುಕೊಂಡಿತು. ಲೋಕದಲ್ಲಿನ ಸುಮಾರು 6,000 ವಿಮಾನಗಳಿಗೆ ಸಾಫ್ಟ್‌ವೇರ್ ಸರಿಮಾಡದೆ ಹಾರಬೇಡಿ ಎಂದರು. ಬಹುಪಾಲಿಗೆ ಕೆಲವು ಗಂಟೆಗಳ ಕೆಲಸ. ಒಂದು ಶನಿವಾರ ಭಾನುವಾರ ಕೆಲವು ವಿಮಾನ ತಡವಾದವು, ಕೆಲವು ರದ್ದಾದವು. ಏನಾಗಿದೆ, ಏನು ಮಾಡುತ್ತಿದ್ದೇವೆ, ಎಷ್ಟು ಹೊತ್ತು ಎಂದು ಮೂರೂ ಮಾತು ಬಾಯಿಬಿಟ್ಟು ಹೇಳಿದ್ದರಿಂದ ಜನ ಗೊಣಗಿದರೇ ಹೊರತು ಹೆದರಲಿಲ್ಲ.

ಅಕ್ಕನ ಭಯ ಇರುವುದೂ ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ನಿಲ್ಲಿಸಿ ಎಂದು ಅವರು ಕೂಗುವುದು, ಏನಾಯಿತು ಎಂದು ಅವರಿಗೆ ಯಾರೂ ಹೇಳದೆ ಇರುವುದಕ್ಕೆ. ಹೇಳದೆ ಬಿಟ್ಟ ಜಾಗದಲ್ಲಿ ವಾಟ್ಸಾಪು ಬಂದು ಕೂರುತ್ತದೆ. 787 ಒಳ್ಳೆಯದೋ ಕೆಟ್ಟದ್ದೋ ಎಂದು ಎಸ್.ಎಸ್. ಬಡಾವಣೆಯ ಗೋಡೆ ಮೇಲೆ ತೀರ್ಮಾನ ಮಾಡಲು ಬರುವುದಿಲ್ಲ. ಲೋಕದಲ್ಲಿ ಸಾವಿರಕ್ಕೂ ಮಿಕ್ಕಿ ಹಾರುತ್ತಿವೆ, ಬಿದ್ದದ್ದು ಒಂದು. ಈ ಲೆಕ್ಕ ನನಗೆ ಸಾಕು. ಅಕ್ಕನಿಗೆ ಸಾಲದು. ಸಾಲಬೇಕು ಎಂದು ಹೇಳಲು ನಾನ್ಯಾರು?

"ನೀವಾದ್ರೆ ಹತ್ತತಿದ್ರೇನ್ರಿ ಟೀಚರ್?"

"ಹತ್ತುತ್ತಿದ್ದೆ ಅಕ್ಕಾರೆ."

"ಮಗಳ ಬಾಣಂತನ ಅಂದ್ರೆ ನಾನೂ ಹತ್ತೋಳೇ. ಬೈಕೊಂಡು ಹತ್ತತೀನಿ, ಅಷ್ಟೇಯ."

ಒಂದು ಮಾತು ಮಾತ್ರ ಅಧಿಕಾರದಲ್ಲಿ ಇರುವವರ ಕಿವಿಗೆ ಬೀಳಲಿ. 2010ರ ಮೇ 22ಕ್ಕೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಬಿದ್ದು 158 ಮಂದಿ ಹೋದರು, ಬದುಕಿದವರು 8. ಆ ತನಿಖೆಯ ವರದಿ ದಪ್ಪನೆಯ ಇಂಗ್ಲಿಷಿನಲ್ಲಿ ಬಂತು. ಸತ್ತವರಲ್ಲಿ ಬಹಳ ಮಂದಿ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಗಳವರು. ಆ ಮನೆಗಳಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ಎಷ್ಟಿದ್ದಾರು? ಬಸ್ಸಿನದಿರಲಿ, ವಿಮಾನದ್ದಿರಲಿ, ಅಪಘಾತದ ತನಿಖೆ ಮುಗಿದಾಗ ಏನಾಯಿತು, ಯಾಕಾಯಿತು, ಇನ್ನು ಮುಂದೆ ಏನು ಬದಲಾಗಿದೆ ಎಂದು ನಾಲ್ಕು ಪುಟದ ಸಾರಾಂಶವನ್ನು ಕನ್ನಡದಲ್ಲಿ, ಗುಜರಾತಿಯಲ್ಲಿ, ಮಲಯಾಳದಲ್ಲಿ, ಸತ್ತವರ ಮನೆಯ ಭಾಷೆಯಲ್ಲಿ ಕೊಡಿ. ನಮ್ಮ ಸಂಸದರು ವಿಮಾನ ನಿಲ್ದಾಣ ಕೇಳುವಾಗ ಇದನ್ನೂ ಜೊತೆಗೆ ಕೇಳಲಿ. ನಿಲ್ದಾಣಕ್ಕೆ ನೂರಾರು ಎಕರೆ ಬೇಕು, ಇದಕ್ಕೆ ನಾಲ್ಕು ಹಾಳೆ ಸಾಕು.